ಡಬ್ಬಿ ಹುಡುಕಲು ಹೋದ ಭಾನುವಾರ

ದಹಿಸರ್,
೧೩-೫-೧೯೮೬, ಮಂಗಳವಾರ

ಪ್ರೀತಿಯ ಶಾಮಲಾ,

ನಿನ್ನ ಕಾಲಿನ ಊತ ಇಳಿಯಿತೇ? ಕೃಷ್ಣರಾಜನಗರದ ಲೇಡಿ ಡಾಕ್ಟರು ಉಪ್ಪು ಮುಟ್ಟಬೇಡ ಅಂದದ್ದನ್ನು ಪಾಲಿಸುತ್ತಿದ್ದೀಯೋ, ಇಲ್ಲ ನಿಮ್ಮಮ್ಮನ ಉಪ್ಪಿನಕಾಯಿ ಜಾಡಿಯ ಸುತ್ತ ಓಡಾಡುತ್ತಿದ್ದೀಯೋ, ನಿಜ ಬರೆ. ಏಳು ತಿಂಗಳಲ್ಲಿ ಬಿ.ಪಿ. ಏರಬಾರದು, ಮಲಗಿಯೇ ಇರಬೇಕು ಎಂದು ನಿಮ್ಮ ತಂದೆಯವರು ಬರೆದ ಮೇಲೆ ಆಫೀಸಿನ ನಕ್ಷೆಯಲ್ಲಿ ಎರಡು ಸಲ ತಪ್ಪು ಅಳತೆಗೆ ಗೆರೆ ಎಳೆದೆ. ಮಧ್ಯಾಹ್ನ ಹೊತ್ತು ಎಡ ಮಗ್ಗುಲಾಗಿ ಮಲಗಬೇಕಂತೆ, ಇಲ್ಲಿ ಪಕ್ಕದ ಮನೆಯ ರಾಜೀವಿಯವರು ಹೇಳಿದರು. ಅವರು ಮೊನ್ನೆಯೂ ನೀರುದೋಸೆ ಕಳಿಸಿದ್ದರು. ಅಮ್ಮ ಅದನ್ನು ತಿನ್ನುತ್ತಾ, ಇದು ದೋಸೆಯೋ ಕರವಸ್ತ್ರವೋ ಎಂದು ಕೇಳಿ, ಐದು ತಿಂದರು.

ಇಲ್ಲಿ ನಲ್ಲಿ ಬೆಳಿಗ್ಗೆ ನಲವತ್ತು ನಿಮಿಷ ಬರುತ್ತದೆ. ಸೆಖೆಗೆ ಗೋಡೆ ಮುಟ್ಟಿದರೆ ಜ್ವರ ಬಂದವರ ಮೈ ಮುಟ್ಟಿದ ಹಾಗಿದೆ. ಮೇದಿನಿ ಹಾಲು ಕುಡಿಯುತ್ತಾಳೆ, ಅನ್ನ ಕಡಿಮೆ. ನೀನು ಹೋದ ಮೇಲೆ ಸ್ವಲ್ಪ ಹಟ ಜಾಸ್ತಿಯಾಗಿದೆ. ಅದು ಸಹಜ ಎಂದು ಅಮ್ಮ ಅನ್ನುತ್ತಾರೆ. ಎರಡೂ ಮುಕ್ಕಾಲು ವರ್ಷದ ಮಗು ತಾಯಿಯನ್ನು ಬಿಟ್ಟು ಎರಡು ತಿಂಗಳಿದ್ದರೆ ಹಟ ಮಾಡದೆ ಏನು ಮಾಡೀತು?

ಭಾನುವಾರದ ಸಂಗತಿ ಬರೆಯುತ್ತೇನೆ. ಬೈಕುಲ್ಲಾದಿಂದ ಸುಮಿತ್ರಕ್ಕ ಮಕ್ಕಳಿಬ್ಬರನ್ನೂ ಕರೆದುಕೊಂಡು ಬಂದಿದ್ದಳು. ಭಾವನಿಗೆ ಡ್ಯೂಟಿ ಇತ್ತು. ಸುಹಾಸನಿಗೆ ಈಗ ಹನ್ನೆರಡು, ನನ್ನ ಭುಜದವರೆಗೆ ಬಂದಿದ್ದಾನೆ. ನೀಲು ಎಂಟು. ಅಜ್ಜಿಯ ನೀಲಾವತಿ ಎಂಬ ಹೆಸರಿಟ್ಟಿದ್ದಾರೆಂದು ಅವಳಿಗಿನ್ನೂ ಕೋಪ. ಬೇಸಿಗೆ ರಜೆಯಲ್ಲಿ ಆ ಮಕ್ಕಳು ಕ್ವಾರ್ಟರ್ಸಿನ ಮೆಟ್ಟಿಲ ಮೇಲೆ ಕೂತು ಬೇಜಾರಾಗಿದ್ದಾರೆ, ಏನಾದರೂ ಮಾಡೋ ಎಂದು ಅಕ್ಕ ಬರೆದಿದ್ದಳು. ಆಫೀಸಿನ ಹಳೆಯ ಇಂಗ್ಲಿಷ್ ಮ್ಯಾಗಜಿನ್ ಒಂದರಲ್ಲಿ ನಾನು ಒಂದು ಆಟದ ವಿಷಯ ಓದಿದ್ದೆ. ಬಯಲಿನಲ್ಲಿ ಎಲ್ಲೋ ಒಂದು ಡಬ್ಬಿ ಬಚ್ಚಿಡುವುದು. ದಿಕ್ಸೂಚಿ ಹಿಡಿದು, ಚೀಟಿಯಲ್ಲಿ ಬರೆದ ದಿಕ್ಕು, ಹೆಜ್ಜೆ ನೋಡಿಕೊಂಡು ಬಂದವರು ಅದನ್ನು ಹುಡುಕುವುದು. ಸಿಕ್ಕರೆ ಒಳಗಿನ ಪುಸ್ತಕದಲ್ಲಿ ಹೆಸರು, ತಾರೀಖು ಬರೆದು, ಒಂದು ವಸ್ತು ತೆಗೆದುಕೊಂಡು ಇನ್ನೊಂದು ಇಟ್ಟು, ಡಬ್ಬಿಯನ್ನು ಮೊದಲಿದ್ದಲ್ಲೇ ಮುಚ್ಚಿ ಬರುವುದು. ನಮ್ಮಂಥ ಡ್ರಾಫ್ಟ್ಸ್‌ಮನ್‌ಗಳಿಗೆ ಹೇಳಿ ಮಾಡಿಸಿದ ಆಟ. ಬಾಂದ್ರಾದ ಆಫೀಸಿನಿಂದ ಸರ್ವೆಯ ದಿಕ್ಸೂಚಿ ಕೇಳಿ ತಂದೆ. ಶನಿವಾರ ಅರ್ಧ ದಿನ. ಬರುತ್ತಾ ಬೊರಿವಲಿಯಲ್ಲಿ ಇಳಿದು, ನ್ಯಾಷನಲ್ ಪಾರ್ಕಿಗೆ ಹೋಗಿ, ಬಿಸ್ಕತ್ತಿನ ತಗಡಿನ ಡಬ್ಬಿಯಲ್ಲಿ ಭೂತಗನ್ನಡಿ, ಪೆಪ್ಪರ್‌ಮಿಂಟು, ಎರಡು ಬಣ್ಣದ ಪೆನ್ಸಿಲು, ಒಂದು ನೋಟುಪುಸ್ತಕ ಇಟ್ಟು, ಕಲ್ಲುಗಳ ಸಂದಿಯಲ್ಲಿ ಬಚ್ಚಿಟ್ಟೆ. ದಾರಿಯುದ್ದಕ್ಕೂ ಆರು ಚೀಟಿ. ಬೆವರಿನಲ್ಲಿ ತೊಯ್ದು ಮನೆಗೆ ಬಂದಾಗ ಅಮ್ಮ, "ಮಕ್ಕಳಿಗಿಂತ ನಿನಗೇ ಆಟ ಜಾಸ್ತಿಯಾಯ್ತು ಕಣೋ ಜಯಸಿಂಹ" ಅಂದರು. ನಿಜವೇ. ಬಹಳ ದಿನದ ಮೇಲೆ ನನಗೆ ಸಂತೋಷವಾಗಿತ್ತು.

ಬೆಳಿಗ್ಗೆ ಎಂಟರ ಲೋಕಲ್ ಹಿಡಿದು ಒಂದೇ ಸ್ಟೇಷನ್ ಹೋಗಿ ಇಳಿದೆವು. ಅಮ್ಮ ಪುಳಿಯೋಗರೆ, ಕೋಡುಬಳೆ ಕಟ್ಟಿಕೊಂಡಿದ್ದರು. ಪಾರ್ಕಿನೊಳಗೆ ಗುಲ್‌ಮೊಹರ್ ಕೆಂಪಗೆ ಉರಿಯುತ್ತಿತ್ತು, ಮಿಕ್ಕ ಕಾಡೆಲ್ಲ ಒಣಗಿ ಕಂದು. ಅಮ್ಮನೂ ಅಕ್ಕನೂ ಒಂದು ಆಲದ ಮರದಡಿ ಜಮಖಾನೆ ಹಾಸಿ ಕೂತರು. ಮೊದಲ ಚೀಟಿ ಅಲ್ಲಿಂದಲೇ ಶುರು. ಐವತ್ತು ಹೆಜ್ಜೆ ಎಂದು ಬರೆದಿದ್ದೆ. ಸುಹಾಸ ಅರ್ಧ ದಾರಿಯಲ್ಲಿ ನಿಂತು, "ಮಾಮಾ, ನಿಮ್ಮ ಪಚಾಸ್ ಸ್ಟೆಪ್ಸೋ, ನನ್ನ ಪಚಾಸ್ ಸ್ಟೆಪ್ಸೋ?" ಎಂದು ಕೇಳಿದ. ನಾನು ಅದನ್ನು ಯೋಚಿಸಿಯೇ ಇರಲಿಲ್ಲ! ಆಮೇಲೆ ಎಲ್ಲ ಹೆಜ್ಜೆಯನ್ನೂ ನಾನೇ ಹಾಕಬೇಕಾಯಿತು. ಮೇದಿನಿ ನನ್ನ ಹಿಂದೆ ಹಿಂದೆಯೇ, ನನ್ನಂತೆಯೇ ಕಾಲನ್ನು ಎತ್ತೆತ್ತಿ ಇಡುತ್ತಾ ಬಂದಳು. ನೀನು ಹೊಲಿದ ಹಳದಿ ಫ್ರಾಕು ಹಾಕಿದ್ದೆ. ನೋಡುವವರೆಲ್ಲ ನಕ್ಕರು.

ಎರಡು ಚೀಟಿ ಸಿಕ್ಕವು. ಮೂರನೆಯದನ್ನು ಮೇದಿನಿಯೇ ಹುಡುಕಲಿ ಎಂದು ನೀಲು ಹಟ ಹಿಡಿದಳು. ಹತ್ತಿರ ಹೋದರೆ "ಗರಂ", ದೂರ ಹೋದರೆ "ಠಂಡಾ" ಎಂದು ಕೂಗಿ ಹೇಳುವುದು. ಚೀಟಿ ಇದ್ದದ್ದು ಎಡಕ್ಕೆ, ಒಂದು ಬೆಂಚಿನ ಕೆಳಗೆ. ಮೇದಿನಿ ಬಲಕ್ಕೆ ನಡೆದಳು. ಇಬ್ಬರೂ "ಠಂಡಾ, ಠಂಡಾ" ಎಂದು ಕೂಗಿದರು. ಅವಳು ಖುಷಿಯಾಗಿ ನಡೆಯುತ್ತಲೇ ಹೋದಳು. "ಮಾಮಾ, ಮೇದಿನಿಗೆ ಗೇಮ್ ಸಮಝ್ ಆಗಿಲ್ಲ" ಎಂದು ನೀಲು ನಕ್ಕಳು. ನಾನು ಅಷ್ಟು ದೂರದಲ್ಲಿ ನಾಲ್ಕನೆಯ ಚೀಟಿಗೆ ದಿಕ್ಕು ನೋಡುತ್ತಾ ದಿಕ್ಸೂಚಿಗೆ ಕಣ್ಣಿಟ್ಟಿದ್ದೆ. ಮುಳ್ಳು ಅಲ್ಲಾಡುತ್ತಿತ್ತು, ಅದು ನಿಲ್ಲಲಿ ಎಂದು ಕಾಯುತ್ತಿದ್ದೆ.

ಆ ಬಲಗಡೆಗೇ ಪುಟಾಣಿ ರೈಲಿನ ಹಳಿ ಇದೆ. ಹೋದ ವರ್ಷ ನೀನೂ ಅದರಲ್ಲಿ ಕೂತಿದ್ದೆ, ನೆನಪಿದೆಯಲ್ಲ. ಸೀಟಿ ಕೇಳಿ ತಲೆಯೆತ್ತಿದೆ. ರೈಲು ಗಿಡಗಳ ಮರೆಯಿಂದ ತಿರುವು ದಾಟಿ ಬರುತ್ತಿತ್ತು. ಹಳದಿ ಫ್ರಾಕು ಹಳಿಯ ನಡುವೆ ಕುಕ್ಕರಗಾಲಲ್ಲಿ ಕೂತಿತ್ತು. ರೈಲಿಗೆ ಬೆನ್ನು. ಜಲ್ಲಿಕಲ್ಲುಗಳನ್ನು ಆರಿಸಿ ಹಳಿಯ ಮೇಲೆ ಒಂದೊಂದಾಗಿ ಸಾಲಾಗಿ ಇಡುತ್ತಿದ್ದಾಳೆ. ಡ್ರೈವರ್ ಸೀಟಿಯ ಮೇಲೆ ಸೀಟಿ ಹೊಡೆದ. "ಏ ಬಾಳಾ, ಬಾಜೂಲಾ ಹೋ!" ಪಕ್ಕಕ್ಕೆ ಸರಿ ಎಂದು ಕೂಗಿದ. ರೈಲಿನಲ್ಲಿದ್ದ ಜನರೆಲ್ಲ ಕೂಗಿದರು. ನೀಲು ಕಿರುಚಿದಳು. ನಾನು ಓಡುತ್ತಾ, "ಮೇದಿನೀ! ಏಳೇ! ಮೇದಿನೀ!" ಎಂದು ಗಂಟಲು ಹರಿಯುವ ಹಾಗೆ ಕೂಗಿದೆ. ಅವಳು ಹಳಿಯ ಮೇಲೆ ಅಂಗೈ ಇಟ್ಟು, ಅಂಗೈಯನ್ನೇ ನೋಡುತ್ತಾ ಕೂತಿದ್ದಳು. ಹಳಿ ಅದುರುತ್ತಿತ್ತೇನೋ. ಅವಳಿಗೆ ಅದು ತಮಾಷೆಯಾಗಿ ನಗುತ್ತಿದ್ದಳು.

ಗಾಬರಿಪಡಬೇಡ. ರೈಲು ನಿಂತಿತು. ನಾನು ಮುಟ್ಟುವುದಕ್ಕೆ ಮೊದಲೇ, ಅವಳಿಂದ ಎರಡು ಮಾರು ದೂರದಲ್ಲಿ ನಿಂತಿತು. ಅದು ಓಡುವುದೇ ಸೈಕಲ್ಲಿನಷ್ಟು ವೇಗದಲ್ಲಿ. ಮಗುವಿಗೆ ಒಂದು ತರಚು ಗಾಯವೂ ಆಗಿಲ್ಲ. ಡ್ರೈವರ್ ವಯಸ್ಸಾದ ಮರಾಠಿ ಮನುಷ್ಯ. ಬೈಯಲೆಂದೇ ಇಳಿದ. ಇಳಿದವನು ಮಗುವಿನ ಬೆನ್ನ ಹಿಂದೆ ಬಗ್ಗಿ ನಿಂತು ಎರಡು ಕೈಯನ್ನೂ ಜೋರಾಗಿ ತಟ್ಟಿದ. ಅವಳು ಇನ್ನೊಂದು ಕಲ್ಲು ಇಟ್ಟಳು. ಮತ್ತೆ ತಟ್ಟಿದ. ಆಮೇಲೆ ನನ್ನ ಮುಖ ನೋಡಿ ಮೆಲ್ಲಗೆ, "ಸಾಬ್, ಬಚ್ಚೀ ಕೋ ಸುನಾಯೀ ನಹೀಂ ದೇತಾ ಕ್ಯಾ?" ಎಂದು ಕೇಳಿದ. ಮಗುವಿಗೆ ಕಿವಿ ಕೇಳಿಸುವುದಿಲ್ಲವೇ ಅಂತ! ನಾನು ಅವನ ಮೇಲೆ ರೇಗಿಬಿಟ್ಟೆ. ಚೆನ್ನಾಗಿ ಕೇಳಿಸುತ್ತದೆ, ಆಟದ ಧ್ಯಾನದಲ್ಲಿದ್ದಾಳೆ, ಅಷ್ಟೆ ಎಂದೆ. ಅವನು, ಅವಳು ಸಾಲಾಗಿಟ್ಟ ಕಲ್ಲುಗಳನ್ನು ತಾನೇ ಒಂದೊಂದಾಗಿ ತೆಗೆದು ಪಕ್ಕಕ್ಕಿಟ್ಟು, ಅವಳ ತಲೆ ಸವರಿ ರೈಲು ಹತ್ತಿದ.

ಗಾಳಿ ಆ ಕಡೆಯಿಂದ ಈ ಕಡೆಗೆ ಬೀಸುತ್ತಿತ್ತು, ಕೂಗಿದ್ದು ಅವಳವರೆಗೆ ಮುಟ್ಟಿರಲಿಕ್ಕಿಲ್ಲ. ಮಕ್ಕಳು ಆಟದಲ್ಲಿ ಮುಳುಗಿದರೆ ಹಾಗೆಯೇ. ಅಮ್ಮನೂ ಅದನ್ನೇ ಅಂದರು. "ನಮ್ಮನೇಲಿ ಎಲ್ಲಾ ಮಕ್ಕಳಿಗೂ ಮಾತು ತಡವೇ. ನಿನಗೆ ಮೂರು ವರ್ಷ ತುಂಬೋವರೆಗೂ ಅಪ್ಪಾ ಅನ್ನೋಕೂ ಬರ್ತಿರ್ಲಿಲ್ಲ. ಯಾರೋ ಏನೋ ಅಂದ್ರು ಅಂತ ಮುಖ ಸಣ್ಣಗೆ ಮಾಡ್ಕೋಬೇಡ" ಎಂದು ಮಗುವಿಗೆ ದೃಷ್ಟಿ ನೀವಾಳಿಸಿದರು. ಅಕ್ಕ ಮಾತ್ರ ಮನೆಗೆ ಹೋಗೋಣ ಎಂದಳು. ನಾನು ಒಪ್ಪಲಿಲ್ಲ. ಹೊರಟುಬಿಟ್ಟರೆ ಆ ಡ್ರೈವರನ ಮಾತಿಗೆ ಒಪ್ಪಿಕೊಂಡ ಹಾಗಾಗುತ್ತದೆ ಅನ್ನಿಸಿತೋ ಏನೋ. ಮೇದಿನಿಯನ್ನು ಹೆಗಲ ಮೇಲೆ ಕೂರಿಸಿಕೊಂಡು ಮಿಕ್ಕ ನಾಲ್ಕು ಚೀಟಿಯನ್ನೂ ಹುಡುಕಿಸಿದೆ. ಮಕ್ಕಳಿಗೆ ಮೊದಲಿನ ಹುರುಪಿರಲಿಲ್ಲ, ನಾನು ಹೇಳಿದ ಕಡೆ ನಡೆದರು. ಡಬ್ಬಿ ಸಿಕ್ಕಿತು. ಸುಹಾಸ ಎಲ್ಲರ ಹೆಸರನ್ನೂ ಬರೆದ. ನೀಲು ಭೂತಗನ್ನಡಿ ತೆಗೆದುಕೊಂಡು ತನ್ನ ರಿಬ್ಬನ್ ಬಿಚ್ಚಿ ಒಳಗಿಟ್ಟಳು. ಡಬ್ಬಿಯನ್ನು ಮತ್ತೆ ಕಲ್ಲಿನ ಸಂದಿಗೆ ಸೇರಿಸಿ ಬಂದೆವು. ಪುಳಿಯೋಗರೆ ಚೆನ್ನಾಗಿತ್ತು ಎಂದು ಎಲ್ಲರೂ ಹೇಳಿದರು. ನನಗೆ ರುಚಿ ನೆನಪಿಲ್ಲ.

ಇಷ್ಟೇ ಸಮಾಚಾರ. ನೀನು ಏನನ್ನೂ ತಲೆಗೆ ಹಚ್ಚಿಕೊಳ್ಳದೆ ಮಲಗಿರು. ನಿಮ್ಮ ತಂದೆತಾಯಿಯರ ಪಾದಕ್ಕೆ ನನ್ನ ನಮಸ್ಕಾರ ಮುಟ್ಟಿಸು. ಅಮ್ಮ ನಿನಗೂ, ಹೊಟ್ಟೆಯಲ್ಲಿರುವ ಕೂಸಿಗೂ ಸೇರಿಸಿ ಒಂದೇ ಆಶೀರ್ವಾದ ಕಳಿಸಿದ್ದಾರೆ, ಇಬ್ಬರೂ ಹಂಚಿಕೊಳ್ಳಬೇಕಂತೆ. ಮಾವಿನಹಣ್ಣು ಉಷ್ಣ, ಒಂದಕ್ಕಿಂತ ಹೆಚ್ಚು ಬೇಡ.

ನಿನ್ನ,
ಜಯಸಿಂಹ

ಮರೆತದ್ದು: ಗುರುವಾರ, ಬಾಂದ್ರಾ ಪೋಸ್ಟಾಫೀಸು. ಮರೆತದ್ದಲ್ಲ ಶಾಮಲಾ, ಬರೆಯಲಾರದೆ ಬಿಟ್ಟದ್ದು. ಮೇಲಿನ ಕಾಗದ ಎರಡು ದಿನದಿಂದ ನನ್ನ ಜೇಬಿನಲ್ಲೇ ಇದೆ. ಸೋಮವಾರ ಬೆಳಿಗ್ಗೆ ಅವಳ ಬೆನ್ನ ಹಿಂದೆ ನಿಂತು ಹಿತ್ತಾಳೆ ತಟ್ಟೆಯನ್ನು ಲಟ್ಟಣಿಗೆಯಿಂದ ಬಾರಿಸಿದೆ. ಕೆಳಗಿನ ಮಹಡಿಯವರು ಏನಾಯಿತೆಂದು ಓಡಿ ಬಂದರು. ಅವಳು ತಿರುಗಲಿಲ್ಲ. ಇವತ್ತು ಇಲ್ಲಿಯ ಕಿವಿ ಡಾಕ್ಟರಿಗೆ ತೋರಿಸಿದೆ. ಎರಡು ಕಿವಿಯೂ ಕೇಳಿಸುವುದಿಲ್ಲವಂತೆ, ಹುಟ್ಟಿನಿಂದಲೇ ಇರಬೇಕಂತೆ. ದೊಡ್ಡಾಸ್ಪತ್ರೆಗೆ ಬರೆದುಕೊಟ್ಟಿದ್ದಾರೆ. ಮೆಷಿನ್, ಬೇರೆ ಸ್ಕೂಲು, ಇನ್ನೂ ಏನೇನೋ ಹೇಳಿದರು, ಅರ್ಧ ನನ್ನ ತಲೆಗೆ ಹೋಗಲಿಲ್ಲ. ಯಾವಾಗಿನಿಂದ ಅನುಮಾನ ಬಂತು ಎಂದು ಕೇಳಿದರು. ಸಂಕ್ರಾಂತಿ ದಿನ ನೀನು, "ರೀ, ಇವಳು ಎಷ್ಟು ಕೂಗಿದ್ರೂ ತಿರುಗಲ್ಲ ಕಣ್ರೀ" ಅಂದದ್ದನ್ನೂ, ನಿನಗೆ ಬರೀ ಅನುಮಾನ ಎಂದು ನಾನು ಪೇಪರು ಮಡಚಿ ಎದ್ದು ಹೋದದ್ದನ್ನೂ ಅವರೆದುರು ಹೇಳಿದೆ. ಇದನ್ನು ನಿನಗೆ ತಿಳಿಸಬಾರದು ಎಂದು ಅಮ್ಮ ಆಣೆ ಹಾಕಿಸಿಕೊಂಡಿದ್ದಾರೆ. ತಿಳಿಸಿದರೆ ನಿನಗೆ ಏನಾಗುತ್ತದೋ ಎಂಬ ಹೆದರಿಕೆ ನನಗೂ ಇದೆ. ಟ್ರಂಕ್ ಕಾಲಿನಲ್ಲಿ ಕೂಗಿ ಹೇಳುವ ಮಾತೂ ಅಲ್ಲ. ಆದರೆ ಬೇರೆ ದಾರಿ ಇಲ್ಲ, ನಿನ್ನನ್ನೇ ಕೇಳಬೇಕು. ನಿನ್ನೆ ರಾಜೀವಿಯವರು, "ಶಾಮಲಕ್ಕ ಇವಳ ಹತ್ರ ಯಾವಾಗ್ಲೂ ಕೈಯಲ್ಲೇ ಮಾತಾಡ್ತಿದ್ರಲ್ಲ, ನಿಮಗೆ ಗೊತ್ತಿಲ್ವಾ?" ಅಂದರು. ನನಗೆ ಗೊತ್ತಿರಲಿಲ್ಲ. ಯಾವುದಕ್ಕೆ ಯಾವ ಸನ್ನೆ ಎಂದು ಎಲ್ಲವನ್ನೂ ಬರೆದು ಕಳಿಸು. ಮೊದಲು ಇದೊಂದನ್ನು ಹೇಳು. ಬಲಗೈಯ ಹೆಬ್ಬೆರಳನ್ನು ಗಲ್ಲಕ್ಕೆ ಎರಡು ಸಲ ತಾಗಿಸಿ, ಅಂಗೈಯನ್ನು ನನ್ನ ಕಡೆಗೆ ಚಾಚುತ್ತಾಳೆ. ನೀರು ಕೊಟ್ಟೆ, ಹಾಲು ಕೊಟ್ಟೆ, ಬೊಂಬೆ ಕೊಟ್ಟೆ, ನಿನ್ನ ಫೋಟೋ ತೋರಿಸಿದೆ. ಎಲ್ಲವನ್ನೂ ತಳ್ಳಿ ನೆಲಕ್ಕೆ ಹಣೆ ಚಚ್ಚಿಕೊಳ್ಳುತ್ತಾಳೆ. ಈಗಲೂ ಇಲ್ಲಿ, ಬೆಂಚಿನ ಮೇಲೆ ನನ್ನ ಪಕ್ಕ ಕೂತು ಅದನ್ನೇ ಮಾಡುತ್ತಿದ್ದಾಳೆ. ಏನು ಕೇಳುತ್ತಿದ್ದಾಳೆ ಶಾಮಲಾ ಅವಳು?