ಮೂಲೆಯ ಬಿಳಿ ಟೈಲು

ತ್ರಿಯಾನಾ, ಸೆವಿಯ್ಯಾ
9 ಮಾರ್ಚ್ 1978

ಪ್ರೀತಿಯ ಫೆರ್ಮಿನ್ ಅಣ್ಣಾ,

ನಿನ್ನ ಕೆಮ್ಮು ಹೇಗಿದೆ? ತುಲೂಸಿನ ಚಳಿಯಲ್ಲಿ ಮಫ್ಲರ್ ಸುತ್ತಿಕೊಳ್ಳದೆ ತಿರುಗುತ್ತೀಯೆಂದು ಅತ್ತಿಗೆ ಬರೆದಿದ್ದಾರೆ. ಅರವತ್ತಾದರೂ ಹೇಳಿಸಿಕೊಳ್ಳಬೇಕೇ? ನನ್ನ ಮೊಣಕಾಲು ಮೆಟ್ಟಿಲು ಕಂಡರೆ ಮುನಿಸಿಕೊಳ್ಳುತ್ತದೆ, ಉಳಿದಂತೆ ಗಟ್ಟಿಯಾಗಿದ್ದೇನೆ. ಬೀದಿಯ ಕಿತ್ತಳೆ ಮರಗಳು ಹೂಬಿಟ್ಟಿವೆ. ಆ ವಾಸನೆಗೆ ಪ್ರತಿ ವರ್ಷ ನಿನ್ನ ನೆನಪಾಗುತ್ತದೆ. ಈ ಸಲ ಅಳುವೂ ಬಂತು.

ನಿನ್ನ ಮಗಳು ಒಡೆಟ್ ನನಗೊಂದು ಕೆಲಸ ಹಚ್ಚಿದ್ದಾಳೆ. ಅವಳ ಶಾಲೆಯ ಮಕ್ಕಳಿಗೆ ಸ್ಪೇನಿನ ಚರಿತ್ರೆ, ಕಲೆ, ಸಂಸ್ಕೃತಿ ಎಲ್ಲವನ್ನೂ ಒಂದೇ ಪಾಠದಲ್ಲಿ ಪರಿಚಯಿಸಬೇಕಂತೆ. "ಅತ್ತೆ, ಸುಲಭವಾಗಿ ಬರೆದ್ಕೊಡಿ" ಅಂದಿದ್ದಾಳೆ. ಟೈಲು ಸುಡುವ ಅಪ್ಪನ ಆವಿಗೆಯ ಮುಂದೆ ಬೆಳೆದವಳಿಗೆ ರಾಜರ ಪಟ್ಟಿ ಎಲ್ಲಿಂದ ಬರಬೇಕು? ನಮ್ಮ ಅಂಗಳದ ಟೈಲುಗೋಡೆಯ ಬಗ್ಗೆಯೇ ಬರೆಯತೊಡಗಿದೆ. ಕೆಳಸಾಲಿನ ನಕ್ಷತ್ರಗಳು ಅರಬರು ಕಲಿಸಿದ್ದು. ಅವರನ್ನು ಸೋಲಿಸಿದ ರಾಜರೂ ತಮ್ಮ ಅರಮನೆಗೆ ಅವನ್ನೇ ಮಾಡಿಸಿಕೊಂಡರು. ಅದರ ಮೇಲಿನ ಹಳದಿ ಹೂಬಳ್ಳಿ ಇಟಲಿಯಿಂದ ಬಂದದ್ದು. ಎಲ್ಲಕ್ಕೂ ಮೇಲೆ ನಮ್ಮ ಕುಂಬಾರಗೇರಿಯ ಅಕ್ಕತಂಗಿ ಸಂತರು ಹುಸ್ತಾ, ರುಫೀನಾ. ಅವರನ್ನು ಬರೆದವನು ನೀನು, ಹದಿನೇಳನೆಯ ವಯಸ್ಸಿಗೆ.

ಅದಕ್ಕೆ ಎಷ್ಟು ಬೈಸಿಕೊಂಡೆ! ಸುಡುವ ಮೊದಲು ನಮ್ಮ ಬಣ್ಣಗಳೆಲ್ಲ ಬೂದಿಯಂತೆಯೇ ತಾನೇ? ನೀನು ಡಬ್ಬಿ ಅದಲುಬದಲು ಮಾಡಿದೆ, ರುಫೀನಾಳ ನೀಲಿ ಲಂಗ ಹಸಿರಾಗಿ ಹೊರಬಂತು. ಮೂಗು ಬೇರೆ ನನ್ನದೇ. ಅಪ್ಪ ಸೊಂಟದ ಮೇಲೆ ಕೈಯಿಟ್ಟು ನಿಂತರು. "ಲೇ ಕತ್ತೆ, ಬೇಯೋ ಮುಂಚೆ ಕಣ್ಣನ್ನ ನಂಬ್ಬೇಡ ಅಂತ ಎಷ್ಟ್ ಸಲ ಬಡ್ಕೊಂಡಿದೀನಿ! ಹೋಗ್ಲಿ ಬಿಡು, ಅವ್ಳಿಗೂ ನೀಲಿ ಉಟ್ಟು ಉಟ್ಟು ಬೇಜಾರಾಗಿರುತ್ತೆ." ಅದನ್ನೇ ಗೋಡೆಗೆ ಕೂರಿಸಿದರು, ಮೂಲೆಯ ಟೈಲಿನಲ್ಲಿ ನಿನ್ನ ಹೆಸರು ಬರೆಸಿದರು. ಅವತ್ತು ಅಮ್ಮ ಮಾಡಿದ ಪಾಲಕ್-ಕಡಲೆಯನ್ನು ನೀನೊಬ್ಬನೇ ಮುಗಿಸಿದೆ.

ಮರುವರ್ಷ, ಮೂವತ್ತಾರರ ಜುಲೈಯಲ್ಲಿ, ದಂಗೆಯೆದ್ದ ಸೈನಿಕರು ಸೇತುವೆ ದಾಟಿ ಬಂದು ಕಾರ್ಮಿಕ ಸಂಘದ ನಿನ್ನಂಥ ಹುಡುಗರನ್ನು ಹುಡುಕಿದರು. ಎದುರುಮನೆಯ ಅಟ್ಟದಲ್ಲಿ ಅಡಗಿದ್ದ ನೀನು, ಅಪ್ಪ ಉಳಿ ಹಿಡಿದು ನಿನ್ನ ಹೆಸರಿನ ಟೈಲನ್ನು ಕಿತ್ತದ್ದು ನೋಡಿದೆ, ಒಳಗೊಯ್ದು ಒಡೆದ ಸದ್ದು ಕೇಳಿದೆ. "ನನ್ನ ಹೆಸ್ರು ಒಡೆದೋನ ಮನೆಗೆ ಇನ್ನು ಕಾಲಿಡಲ್ಲ" ಎಂದು ಹೇಳಿ ಕಳಿಸಿ ದೇಶ ಬಿಟ್ಟು ಹೊರಟುಹೋದೆ. ಈಗ ಸರ್ವಾಧಿಕಾರಿ ಸತ್ತು ನಿಮಗೆಲ್ಲ ಕ್ಷಮಾದಾನವಾಗಿದೆ, ಎಲ್ಲರೂ ಮರಳಿ ಬರುತ್ತಿದ್ದಾರೆ, ನೀನು ಮಾತ್ರ ಬರುವ ಮಾತೆತ್ತುವುದಿಲ್ಲ. ಅಪ್ಪ ಹೋಗಿಯೇ ಹದಿನೇಳು ವರ್ಷವಾಯಿತು. ಸತ್ತವರ ಮೇಲೆ ಎಷ್ಟು ಕಾಲ ಮುನಿಸು ಅಣ್ಣಾ? ಆ ಮೂಲೆಯಲ್ಲಿ ಅವರು ಕೂರಿಸಿದ ಬೋಳು ಬಿಳಿ ಟೈಲು ಹಾಗೇ ಇದೆ. ಒಡೆಟ್‌ಳ ಪಾಠ ಅಲ್ಲಿಗೆ ಬಂದು ನಿಂತಿದೆ.

ಅತ್ತಿಗೆಗೆ ನನ್ನ ನಮಸ್ಕಾರ ಹೇಳು, ಒಡೆಟ್‌ಳ ಎರಡೂ ಕೆನ್ನೆಗೆ ನನ್ನ ಮುತ್ತು.

ನಿನ್ನ ಮೊಂಡು ಮೂಗಿನ ತಂಗಿ,
ರೆಮೆದಿಯೋಸ್

ತಾ.ಕ.: ಹೇಳಲು ಬಾಯಿ ಬಾರದೆ ಇಷ್ಟುದ್ದ ಬರೆದೆ. ಮಂಗಳವಾರ ಬಣ್ಣದ ಕೋಣೆ ಖಾಲಿ ಮಾಡುವಾಗ ಪೆಟ್ಟಿಗೆಯ ತಳದಲ್ಲಿ ಅಪ್ಪನ ಏಪ್ರನ್ ಸಿಕ್ಕಿತು. ಒಳಗೆ ನಿನ್ನ ಹೆಸರಿನ ಟೈಲು. ಇಡಿಯಾಗಿದೆ, ಬಿರುಕೂ ಇಲ್ಲ, ಬೆನ್ನಿಗೆ ಗೋಡೆಯ ಗಾರೆ ಇನ್ನೂ ಅಂಟಿದೆ. ಮಗನನ್ನು ಕೈಬಿಟ್ಟೆನೆಂದು ತೋರಿಸಲು, ಅವತ್ತು ಬಾಗಿಲಲ್ಲಿದ್ದ ಸೈನಿಕರಿಗೆ ಕೇಳಿಸುವಂತೆ ಅಪ್ಪ ಬೇರಾವುದೋ ಟೈಲು ಒಡೆದಿರಬೇಕು. ಸರ್ಕಾರದವರು ಪತ್ರ ಬಿಚ್ಚಿ ಓದುತ್ತಿದ್ದ ಕಾಲ, ನಿನಗೆ ಹೇಗೆ ತಿಳಿಸುತ್ತಿದ್ದರು? ಬಿಳಿ ಟೈಲನ್ನು ಇವತ್ತು ಬೆಳಿಗ್ಗೆ ಕಿತ್ತೆ. ಗಾರೆ ಕಲಸಲು ನನಗೆ ಬರುತ್ತದೆ, ಆದರೆ ನಾನು ಕೂರಿಸುವುದಿಲ್ಲ. ನೀನೇ ಬಾ.