ಹನ್ನೊಂದು ಬನಿಯನ್

ಕೃಷ್ಣರಾಜಪುರ
೨೦ ಏಪ್ರಿಲ್ ೨೦೨೫, ಭಾನುವಾರ

ಪ್ರಿಯಾ ಮಗಳೇ,

ಜೈ ಭೀಮ್. ನೀನು, ಮೋನಿಷಾ, ನಿಮ್ಮಮ್ಮ ಧನಲಕ್ಷ್ಮಿಯವರು ಮೂರು ಜನಾನೂ ಚೆನ್ನಾಗಿರಲಿ ಅಂತ ಬೆಳಗ್ಗೆ ವಂದನೆ ಮಾಡುವಾಗ ನೆನೆಸ್ಕೊಂಡೆ. ನೀನು ಮಗೂನ ಕರ್ಕೊಂಡು ಹಲಸೂರಿನ ತವರಿಗೆ ಹೋಗಿ ಇವತ್ತಿಗೆ ಒಂಬತ್ತು ದಿನ. ಈ ಕಾಗದ ಮಾರನೇ ದಿನವೇ ಬರೀಬೇಕಿತ್ತು. ಮೂರು ಸಲ ಕೂತೆ, ಮೂರು ಸಲಾನೂ ಹರಿದು ಹಾಕ್ದೆ. ತಡ ಆಗಿದ್ದಕ್ಕೆ ಬೇಜಾರು ಮಾಡ್ಕೋಬೇಡ.

ಇಲ್ಲಿಂದ ಹಲಸೂರಿಗೆ ಮೆಟ್ರೋಲಿ ಕೂತ್ರೆ ಆಯ್ತು, ಇದಕ್ಕೆ ಕಾಗದ ಯಾಕೆ, ಫೋನ್ ಮಾಡೇ ಅಂತ ನಿಮ್ಮ ಮಾವ ಪೇಪರ್ ಹಿಂದಿನಿಂದ ಹೇಳ್ತಿದಾರೆ. ಫೋನ್ ಮಾಡಿದ್ದೆ ಅಲ್ವಾ, ಎರಡು ಸಲ. ನೀನು "ಹೇಳಿ ಅತ್ತೆ" ಅಂದೆ. ನಾನು "ಊಟ ಆಯ್ತಾ" ಅಂದೆ. ನೀನು "ಆಯ್ತು" ಅಂದೆ. ಆಮೇಲೆ ನಾನೇ ಫೋನ್ ಇಟ್ಟೆ. ನನ್ನ ಬಾಯಿ ಎಂಥದ್ದು ಅಂತ ನಿಂಗೆ ಗೊತ್ತು, ನಲ್ಲಿ ಹತ್ರ ನಿಂತು ಮಾತಾಡಿದ್ರೆ ಬೀದಿ ಕೊನೇವರೆಗೂ ಕೇಳುತ್ತೆ. ಅದು ಮುಚ್ಕೊಂಡಿದೆ. ಓದಿರೋದು ಏಳನೇ ಕ್ಲಾಸು, ತಪ್ಪಿದ್ದ ಕಡೆ ನೀನೇ ತಿದ್ದಿ ಓದ್ಕೋ.

ಇಲ್ಲಿ ಹೊಸದೇನಿಲ್ಲ. ಮಹಡಿ ಮೇಲಿನ ಬಾಡಿಗೆಯವರು ಟ್ಯಾಂಕರ್ ನೀರು ಬಂದ ದಿನ ಎಲ್ಲಾ ಬೆಡ್‌ಶೀಟೂ ಒಗೆದು ನನ್ನ ಕೈಲಿ ಬೈಸ್ಕೊಂಡ್ರು. ಹದಿನಾಲ್ಕನೇ ತಾರೀಖು ಬಾಬಾಸಾಹೇಬರ ಜಯಂತಿ ಚೆನ್ನಾಗಾಯ್ತು. ಮೋನಿಷಾ ವೇದಿಕೆ ಮೇಲೆ ಪಂಚಶೀಲ ಹೇಳ್ಬೇಕಿತ್ತಲ್ಲ, ಎಲ್ಲಿ ಮಗು ಅಂತ ಎಲ್ಲಾ ಕೇಳಿದ್ರು. ರಜ ಅಲ್ವಾ, ಆ ಅಜ್ಜಿ ಮನೆಗೆ ಹೋಗಿದಾಳೆ ಅಂದೆ. ಅವಳ ಬದಲು ಬೇರೆ ಮಗು ಹೇಳ್ತು. ನಾನು ಕೊನೇ ಸಾಲಲ್ಲಿ ಕೂತಿದ್ದೆ.

ನಿನ್ನೆ ಸುಗತ ನಿಮ್ಮಲ್ಲಿಂದ ಬಂದು ಊಟಕ್ಕೆ ಕೂತವನು ಬರೀ ಅನ್ನ ಕಲಸ್ತಾನೇ ಇದ್ದ. ಏನೋ ಅಂದ್ರೆ ನಿಧಾನಕ್ಕೆ ಹೇಳ್ದ. ಮಗು ನಿನ್ನ ಕೈಲಿ ಬಟ್ಟೆ ಬಿಚ್ಚಿಸ್ಕೊಳ್ಳಲ್ವಂತೆ. ಸ್ನಾನಕ್ಕೆ ಕರೆದ್ರೆ ಎರಡು ಕೈಲೂ ಫ್ರಾಕ್ ಹಿಡ್ಕೊಂಡು ಬೀರು ಪಕ್ಕ ನಿಂತ್ಬಿಡ್ತಾಳಂತೆ. ಹೊಟ್ಟೆ ಮೇಲಿನ ಗಾಯಕ್ಕೆ ಮುಲಾಮು ಹಚ್ಚೋಕೆ ದಿನಾ ಅವಳನ್ನ ಹಿಡ್ಕೋಬೇಕಂತೆ. "ನಾನೇನು ಮಾಡಿದೀನಿ ರೀ, ನನ್ನ ಮಗೂಗೆ ನಾನಂದ್ರೆ ಯಾಕೆ ಭಯ" ಅಂತ ನೀನು ಅವನ ಹತ್ರ ಕಣ್ಣೀರು ಹಾಕಿದೆಯಂತೆ. ಅವಳಿಗೆ ನಿನ್ನ ಕಂಡ್ರೆ ಭಯ ಇಲ್ಲಮ್ಮ. ಯಾಕೆ ಹಾಗೆ ಮಾಡ್ತಾಳೆ ಅಂತ ನಂಗೊಬ್ಬಳಿಗೇ ಗೊತ್ತು.

ಬನಿಯನ್ನಿಂದ ಶುರು ಮಾಡ್ತೀನಿ.

ನಮ್ಮಿಬ್ಬರ ಜಗಳ ನೆನಪಿದ್ಯಲ್ಲ. ಫೆಬ್ರವರೀಲಿ ನಾನು ಶಿವಾಜಿನಗರಕ್ಕೆ ಹೋಗಿ ಆಸಿಮ್ ಅಂಗಡೀಲಿ ಮಗೂಗೆ ಒಂದು ಡಜನ್ ಬಿಳೀ ಬನಿಯನ್ ತಂದಿದ್ದೆ. "ಅಮ್ಮಾ, ಈಗ ಯಾರೂ ಮಕ್ಕಳಿಗೆ ಇದು ಹಾಕಲ್ಲ, ನಿಮ್ಮಂಥ ಹಳೇ ಗಿರಾಕಿ ಬಂದ್ರೇನೇ ಈ ಡಬ್ಬ ಕೆಳಗಿಳಿಸೋದು" ಅಂತ ಅವನೂ ನಕ್ಕ. ನಾನು ಅವನಿಗೂ ನಾಲ್ಕು ಮಾತು ಹೇಳಿ ಬಂದೆ. ನೀನು ನೋಡಿದವಳೇ, "ಅತ್ತೆ, ಈ ಸೆಕೇಲಿ ಫ್ರಾಕೇ ಜಾಸ್ತಿ, ಒಳಗೆ ಬೇರೆ ಇದ್ಯಾಕೆ" ಅಂದೆ. ಎದೆಗೆ ಗಾಳಿ ಹೊಡೆಯುತ್ತೆ ಅಂದೆ ನಾನು. ಬೆವರು ಹೀರುತ್ತೆ ಅಂದೆ. ನೀನು ಬಿಡದೆ ಕಲ್ಯಾಣ ನಗರದ ಮಕ್ಕಳ ಡಾಕ್ಟರ ಹತ್ರಾನೇ ಕೇಳಿಸ್ದೆ. ಅವರು ಪಾಪ ಮೆತ್ತಗೇ ಹೇಳಿದ್ರು, "ಅಮ್ಮ, ಹಸುಗೂಸಿಗೆ ಒಂದು ಬಟ್ಟೆ ಜಾಸ್ತಿ ಬೇಕಾಗುತ್ತೆ. ಇವಳಿಗೆ ನಾಲ್ಕು ವರ್ಷ. ಕತ್ತಿನ ಹಿಂದೆ ಮುಟ್ಟಿ ನೋಡಿ, ಬೆವರಿದ್ರೆ ಒಂದು ಬಟ್ಟೆ ಕಮ್ಮಿ ಮಾಡಿ, ತಣ್ಣಗಿದ್ರೆ ಹಾಕಿ" ಅಂತ. ನಾನು ಅಲ್ಲೇ ಮಗು ಕತ್ತು ಮುಟ್ಟಿದೆ. ಒದ್ದೆಯಾಗಿತ್ತು. ಯಾರಿಗೂ ಕಾಣದ ಹಾಗೆ ಸೆರಗಿಗೆ ಕೈ ಒರೆಸ್ಕೊಂಡೆ.

ಯಾಕೆ ಅಷ್ಟು ಹಟ ಅಂತ ನೀನು ಕೇಳಿದ್ದೆ. ಸುಗತ ಚಿಕ್ಕವನಿದ್ದಾಗ ಅವನ ಎದೆ ಗೊರಗೊರ ಅಂತಿತ್ತು, ಅದಕ್ಕೆ ಅಂತ ಹೇಳಿದ್ದೆ. ಅದು ಅರ್ಧ ನಿಜ. ಇನ್ನರ್ಧ ಯಾರಿಗೂ ಹೇಳಿಲ್ಲ. ನಾನು ಸ್ಕೂಲಿಗೆ ಹೋಗ್ತಿದ್ದಾಗ ನಂಗೆ ಒಂದೇ ಫ್ರಾಕು, ಬೆನ್ನಿನ ಗುಂಡಿ ಎರಡು ಕಿತ್ತೋಗಿತ್ತು. ಹಿಂದಿನ ಬೆಂಚಿನ ಹುಡುಗಿ ಆ ಸಂದೀಲಿ ಪೆನ್ಸಿಲ್ ತೂರಿಸಿ ಬೆನ್ನು ಚುಚ್ಚೋಳು. "ಕೇರಿಯೋರಿಗೆ ಒಳಗೆ ಏನೂ ಇರಲ್ಲ ನೋಡ್ರೇ" ಅನ್ನೋಳು. ಉಳಿದವರೆಲ್ಲ ಬಾಯಿ ಮುಚ್ಕೊಂಡು ನಗೋರು. ನಾನು ಅವತ್ತಿಂದ ಗೋಡೆಗೆ ಬೆನ್ನು ಕೊಟ್ಟೇ ಕೂತ್ಕೋತಿದ್ದೆ. ನಂಗೆ ಬನಿಯನ್ ಅಂದ್ರೆ ಚಳಿ ಮಾತಲ್ಲ ಪ್ರಿಯಾ, ಮಾನದ ಮಾತು. ಇದನ್ನ ನಿಂಗೆ ಹೇಳಿದ್ರೆ ನೀನು ಅರ್ಥ ಮಾಡ್ಕೋತಿದ್ದೆ. ಹೇಳೋಕೆ ನಾಚಿಕೆ ಆಯ್ತು. ನಂಗೆ ಅರವತ್ತೆರಡು ವರ್ಷ ಆದ್ರೂ ಆ ನಾಚಿಕೆ ಹೋಗಿಲ್ಲ.

ಆಮೇಲೆ ಒಂದು ಸಂಜೆ ನೀನು ಗ್ಯಾಸ್ ಒಲೆ ಒರೆಸ್ತಿದ್ದೆ. ನೋಡ್ತೀನಿ, ಕೈಯಲ್ಲಿ ನಾನು ತಂದ ಬನಿಯನ್. "ಬಟ್ಟೆ ಚೆನ್ನಾಗಿ ಹೀರುತ್ತೆ ಅತ್ತೆ" ಅಂತ ನೀನು ನಗ್ತಾ ಹೇಳ್ದೆ. ನಿನ್ನ ಮನಸ್ಸಲ್ಲಿ ಏನೂ ಇರಲಿಲ್ಲ, ಈಗ ಗೊತ್ತಾಗುತ್ತೆ. ಅವತ್ತು ನನ್ನ ಮೈ ಉರಿದು ಹೋಯ್ತು. ಉಳಿದ ಹನ್ನೊಂದನ್ನ ಎತ್ತಿ ನನ್ನ ಸೀರೆಗಳ ಕೆಳಗೆ ಇಟ್ಕೊಂಡೆ.

ಮಾರನೇ ದಿನದಿಂದ ಶುರು. ನೀನು ಒಂಬತ್ತೂವರೆಗೆ ಕಮರ್ಷಿಯಲ್ ಸ್ಟ್ರೀಟ್ ಸೀರೆ ಅಂಗಡಿಗೆ ಅಂತ ಗೇಟ್ ದಾಟಿದ್ರೆ ಸಾಕು, ನಾನು ಮಗೂಗೆ ಬನಿಯನ್ ಹಾಕಿ ಪ್ಲೇಹೋಮಿಗೆ ಕಳಿಸ್ತಿದ್ದೆ. ಸಂಜೆ ನೀನು ಬರೋ ಹೊತ್ತಿಗೆ ಬಿಚ್ಚಿ ಒಗೆದು ಮಹಡಿ ಹಗ್ಗದಲ್ಲಿ ನನ್ನ ಲಂಗದ ಹಿಂದೆ ಒಣಗಿಸ್ತಿದ್ದೆ. "ಒಳಗಿಂದು ಅಮ್ಮಂಗೆ ತೋರಿಸ್ಬಾರ್ದು, ಒಳಗಿಂದು ಅಮ್ಮಂಗೆ ಹೇಳ್ಬಾರ್ದು" ಅಂತ ಮಗೂಗೆ ಕಲಿಸ್ದೆ. ಹೇಳ್ದೇ ಇದ್ದ ದಿನ ಒಂದು ಕಡ್ಲೆಮಿಠಾಯಿ. ಜಾಣೆ ಅಂತ ಕೆನ್ನೆ ಗಿಂಡ್ತಿದ್ದೆ. ಅವಳಿಗೆ ಅದೊಂದು ಆಟ ಆಗಿತ್ತು. ನೀನು ಬರೋ ಹೊತ್ತಾಯ್ತು ಅಂದ್ರೆ ಅವಳೇ ಓಡಿಬಂದು ಕೈ ಎತ್ತಿ ನಿಲ್ಲೋಳು, ಬಿಚ್ಚು ಅಂತ.

ಒಂದು ಭಾನುವಾರ ಬುದ್ಧ ವಿಹಾರದಲ್ಲಿ ಪಂಚಶೀಲ ಹೇಳಿ ಮುಗಿದ ಮೇಲೆ ನನ್ನ ಸೆರಗು ಎಳೆದು, "ಅಜ್ಜಿ, ನಾಲ್ಕನೇದು ಸುಳ್ಳು ಹೇಳಲ್ಲ ಅಂತ ಅಲ್ವಾ, ಬನಿಯನ್ ಸುಳ್ಳಾ?" ಅಂತ ಕೇಳಿದ್ಲು. ಅದು ಸುಳ್ಳಲ್ಲ ಬಂಗಾರ, ಕೇಳದೇ ಇದ್ದಾಗ ಹೇಳದೇ ಇರೋದು ಅಷ್ಟೇ ಅಂದೆ. ಬುದ್ಧನ ಮುಂದೆ ಕೂತು ಅಂದೆ.

ಹತ್ತನೇ ತಾರೀಖು ಗುರುವಾರ ಮಗು ಮೈ ಬಿಸಿ ಅಂತ ನಾನು ಫೋನ್ ಮಾಡಿ, ನೀನು ಆರಕ್ಕೇ ಓಡಿಬಂದು ಮೈ ಒರೆಸೋಕೆ ಫ್ರಾಕ್ ಎತ್ತಿದಾಗ ಬನಿಯನ್ ಹೊಟ್ಟೆಗೆ ಅಂಟ್ಕೊಂಡಿತ್ತು. ಇವತ್ತು ಚಳಿ ಅಂತಿದ್ಲು, ಅದಕ್ಕೆ ಹಾಕ್ದೆ ಅಂದೆ ನಾನು. ಸುಳ್ಳು. ಎರಡು ತಿಂಗಳಿಂದ ದಿನಾ ಹಾಕ್ತಿದ್ದೆ. ಆಸ್ಪತ್ರೇಲಿ ಡಾಕ್ಟರು ಆ ಬಟ್ಟೇನ ನೀರು ಬಿಟ್ಟು ಬಿಟ್ಟು ಕತ್ತರೀಲಿ ಬಿಡಿಸಿದ್ರು. "ಬಿಸಿದೇನೋ ಬಿದ್ದಿದೆ, ಮೂರು ದಿನ ಆಗಿದೆ, ಮನೇಲಿ ಯಾರೂ ನೋಡಿಲ್ವಾ" ಅಂತ ಕೇಳಿದ್ರು. ನೀನು "ನಾನು ನೋಡಿಲ್ಲ ಡಾಕ್ಟ್ರೇ, ತಾಯಿಯಾಗಿ ನಾನೇ ನೋಡಿಲ್ಲ" ಅಂದೆ. ನಾನು ಪಕ್ಕದಲ್ಲೇ ನಿಂತಿದ್ದೆ. ಮಾರನೇ ದಿನ ನಿಮ್ಮಮ್ಮ ಬಂದಾಗ, ಅವರ ಎದುರಿಗೇ, "ಹೆತ್ತೋಳು ದಿನಕ್ಕೊಂದು ಸಲ ಮಗು ಮೈ ನೋಡ್ಬೇಡ್ವಾ" ಅಂದೆ. ನೀನು ಒಳಗೆ ಹೋಗಿ ಬ್ಯಾಗ್ ತುಂಬ್ಕೊಂಡೆ. ಆ ಮಾತು ನನ್ನ ಬಾಯಿಂದ ಹೇಗೆ ಬಂತೋ. ನೆನೆಸ್ಕೊಂಡ್ರೆ ನಿಮ್ಮ ಮಾವನ ಮುಖಾನೂ ನೋಡೋಕೆ ಆಗಲ್ಲ.

ನೀನು ನೋಡದೇ ಹೋದದ್ದು ನಿನ್ನ ತಪ್ಪಲ್ಲ. ಆ ವಾರ ಮದುವೆ ಸೀಸನ್ನು ಅಂತ ರಾತ್ರಿ ಒಂಬತ್ತಕ್ಕೆ ಬರ್ತಿದ್ದೆ, ಮಗು ಮಲಗಿರ್ತಿತ್ತು. ಸ್ನಾನ, ಬಟ್ಟೆ ಎಲ್ಲಾ ನನ್ನ ಕೈಲೇ ಇತ್ತು. ನನ್ನ ನಂಬಿ ಬಿಟ್ಟು ಹೋಗಿದ್ದೆ ನೀನು. ಬಟ್ಟೆ ಒಳಗಿಂದು ಅಮ್ಮಂಗೆ ತೋರಿಸ್ಬಾರ್ದು ಅಂತ ನಾನು ಕಲಿಸಿದ್ದನ್ನೇ ಆ ಮಗು ಇವತ್ತಿಗೂ ಪಾಲಿಸ್ತಿದೆ. ಅದಕ್ಕೇ ಅದು ಫ್ರಾಕ್ ಬಿಡ್ತಿಲ್ಲ. ಆ ಆಟ ಮುಗೀತು ಅಂತ ಅದಕ್ಕೆ ಯಾರೂ ಹೇಳಿಲ್ಲ.

ನನ್ನ ಕ್ಷಮಿಸು ಅಂತ ಕೇಳಲ್ಲ, ಅಷ್ಟು ಸುಲಭಕ್ಕೆ ಆಗೋದಲ್ಲ ಇದು. ಡಾಕ್ಟರು ಕತ್ತರಿಸಿದ್ದು ಹೋಗಿ ಹತ್ತು ಬನಿಯನ್ ಉಳಿದಿತ್ತು. ಬೆಳಗ್ಗೆ ಎಲ್ಲಾ ಹರಿದು ಒರೆಸೋ ಬಟ್ಟೆ ಮಾಡಿದೀನಿ. ನೀನು ಹೇಳಿದ್ದು ನಿಜ, ಚೆನ್ನಾಗಿ ಹೀರುತ್ತೆ. ಸುಗತನ ಕೈಲಿ ಈ ಕಾಗದದ ಜೊತೆ ಹುರಿಹಿಟ್ಟು ಕಳಿಸ್ತಿದೀನಿ, ಮಗೂಗೆ ಬೆಲ್ಲ ಹಾಕಿ ಕಲಸಿ ಕೊಡು. ಅವನಿಗೆ ಕಾಗದದಲ್ಲಿ ಏನಿದೆ ಅಂತ ಗೊತ್ತಿಲ್ಲ, ಮೊದಲು ನೀನು ಓದು. ನೀನು ಬಾ ಅಂತ ನಾನು ಹೇಳೋ ಹಂಗಿಲ್ಲ. ಬಂದ್ರೆ ಮಗು ಸ್ನಾನ, ಬಟ್ಟೆ ಎಲ್ಲಾ ನೀನು ಹೇಳ್ದಂಗೆ. ನಿಮ್ಮಮ್ಮನ ಮುಂದೆ ಆಡಿದ ಮಾತನ್ನ ನಿಮ್ಮಮ್ಮನ ಮುಂದೇನೇ ವಾಪಸ್ ತಗೋತೀನಿ. ನೀನೂ ಮಗೂನೂ ನೆಮ್ಮದಿಯಾಗಿರಿ, ಒಳ್ಳೇದಾಗ್ಲಿ ನಿಮಗೆ.

ನಿನ್ನ ಅತ್ತೆ
ಮುನಿಲಕ್ಷ್ಮಮ್ಮ

ಮರೆತ ಮಾತು: ಹಾಗಂತ ಬರೆದೆ, ಅದೂ ಸುಳ್ಳು. ಇದನ್ನ ಬರೆಯೋಕೇ ಕೂತಿದ್ದು. ಸಹಿ ಹಾಕಿ ಕವರಿಗೆ ಗೋಂದು ಹಚ್ಚೋವರೆಗೂ ಧೈರ್ಯ ಬರಲಿಲ್ಲ.

ಮಗು ಸುಟ್ಕೊಂಡಿದ್ದು ನೀವೆಲ್ಲ ಅಂದ್ಕೊಂಡ ಹಾಗೆ ಪ್ಲೇಹೋಮಲ್ಲಿ ಅಲ್ಲ ಪ್ರಿಯಾ. ಸುಗತ ಅಲ್ಲಿಗೆ ಹೋಗಿ ಸುಮೈರಾ ಮಿಸ್ ಮೇಲೆ ಕೂಗಾಡಿ ಬಂದ, ಆ ಹುಡುಗಿ ಅಳ್ತಾ ಆಣೆ ಇಟ್ಲು, ನಾನು ಸುಮ್ಮನಿದ್ದೆ. ನಾಳೆ ಹೋಗಿ ಅವಳ ಕೈ ಹಿಡ್ಕೊಂಡು ಹೇಳ್ತೀನಿ. ಆಗಿದ್ದು ಇಲ್ಲೇ, ನಮ್ಮ ನಡುಮನೆಯಲ್ಲಿ. ಏಳನೇ ತಾರೀಖು ಸೋಮವಾರ, ಮಧ್ಯಾಹ್ನ ಮೂರೂವರೆ. ನನ್ನ ಟೀ. ಲೋಟ ದಿವಾನದ ಅಂಚಲ್ಲಿ ಇಟ್ಟು ರಿಮೋಟ್ ಹುಡುಕ್ತಿದ್ದೆ. ಮೋನಿಷಾ ಮೇಲೆ ಹತ್ತೋಕೆ ಹೋಗಿ ಮೈಮೇಲೆ ಚೆಲ್ಕೊಂಡು ಕಿರುಚಿದ್ಲು. ನಾನು ಫ್ರಾಕ್ ಎಳೆದು ತೆಗೆದೆ. ಬನಿಯನ್ನಿಗೆ ಕೈ ಹಾಕೋ ಅಷ್ಟರಲ್ಲಿ ಫೋನ್ ಬಡ್ಕೊಳ್ತು. ನಿನ್ನ ವೀಡಿಯೋ ಕಾಲ್, ದಿನಾ ಆ ಹೊತ್ತಿಗೆ ಮಾಡ್ತೀಯಲ್ಲ. ಎತ್ತದೇ ಇದ್ರೆ ನೀನು ಗಾಬರಿ ಬೀಳ್ತೀಯ. ಎತ್ತಿದ್ರೆ ಬನಿಯನ್ ಕಾಣುತ್ತೆ. ಆ ಗಳಿಗೇಲಿ ನಂಗೆ ತಲೆಗೆ ಬಂದಿದ್ದು ಅಷ್ಟೇ, ನೀನು ನೋಡಿಬಿಡ್ತೀಯ ಅಂತ. ಒದ್ದೆ ಬನಿಯನ್ ಮೇಲೇ ಇನ್ನೊಂದು ಫ್ರಾಕ್ ಹಾಕಿ, "ಅಳಬೇಡ, ಅಮ್ಮ ನೋಡ್ತಾಳೆ" ಅಂತ ಅವಳ ಕಣ್ಣು ಒರೆಸಿ ಫೋನ್ ಹಿಡಿದೆ.

ನೀನು ಅವತ್ತು ಅಂಗಡೀಲಿ ಒಂದು ಗಿಳಿಹಸಿರು ಸೀರೆ ತೋರಿಸಿ, ಚೆನ್ನಾಗಿದ್ಯಾ ಬಂಗಾರ ಅಂದೆ. ಅವಳು "ಚೆನ್ನಾಗಿದೆ ಅಮ್ಮ" ಅಂದ್ಲು. ಕಣ್ಣು ಯಾಕೆ ಕೆಂಪಗಿದೆ ಅಂತ ನೀನು ಕೇಳ್ದೆ. ಈಗ ನಿದ್ದೆಯಿಂದ ಎದ್ಲು ಅಂದೆ ನಾನು. ಅಷ್ಟು ಹೊತ್ತೂ ಆ ಬಿಸಿ ಬಟ್ಟೆ ಅವಳ ಹೊಟ್ಟೆಗೆ ಅಂಟ್ಕೊಂಡಿತ್ತು. ಮಗು ನಿಂಗೆ ಟಾಟಾ ಮಾಡ್ತು.

ಸಾಯಂಕಾಲ ಬೊಬ್ಬೆ ನೋಡಿ ಟೂತ್‌ಪೇಸ್ಟ್ ಬಳಿದೆ. ಫ್ರಾಕಿಗೆ ಕಲೆ ಆಗದಿರ್ಲಿ ಅಂತ ಮೂರು ದಿನಾನೂ ಅದರ ಮೇಲೆ ಬನಿಯನ್ ಹಾಕಿದೆ. ಡಾಕ್ಟರು ಕೇಳಿದಾಗ ಮಗು ನನ್ನ ಮುಖ ನೋಡಿ, ಗೊತ್ತಿಲ್ಲ ಅಂತು. ವಾಪಸ್ ಬರ್ತಾ ಆಟೋದಲ್ಲಿ ನೀನು ಆ ಕಡೆ ಮುಖ ಮಾಡಿ ಅಳ್ತಿದ್ದೆ. ಅವಳು ನನ್ನ ಕಿವಿ ಹತ್ರ ಬಂದು, "ನಾನು ಹೇಳ್ಲಿಲ್ಲ ಅಲ್ವಾ ಅಜ್ಜಿ?" ಅಂದ್ಲು. ನಾನು ಅವಳ ತಲೆ ಸವರಿದೆ ಕಣಮ್ಮ. ಜಾಣೆ ಅನ್ನೋ ಹಂಗೆ ಸವರಿದೆ.

ನನ್ನ ಏನು ಬೇಕಾದ್ರೂ ಮಾಡು. ಇವತ್ತು ಸ್ನಾನಕ್ಕೆ ಕರೆಯೋ ಮುಂಚೆ ಅವಳಿಗೆ ಒಂದು ಮಾತು ಹೇಳು. ಅಜ್ಜಿ ಎಲ್ಲಾ ಹೇಳಿಬಿಟ್ಲು, ಇನ್ನು ನೀನು ಬಚ್ಚಿಡ್ಬೇಕಾಗಿಲ್ಲ ಅಂತ ಹೇಳು. ಕೈ ಬಿಡ್ತಾಳೆ.