ಅಕ್ಕನಿಗೆಂದು ಹಿಡಿದ ಕೋಣೆ

ಸಿಡ್ನಿ,
ನವೆಂಬರ್ ೧೪, ಶುಕ್ರವಾರ ಬೆಳಿಗ್ಗೆ

ನನ್ನ ಮುದ್ದು ಲೆಸಿಯೇಲಿ,

ಅಮ್ಮ ಸುಖವಾಗಿ ಮುಟ್ಟಿದಳು ಎಂದು ಮನೆಯಲ್ಲಿ ಎಲ್ಲರಿಗೂ ಹೇಳು. ಮುಟ್ಟಿದ್ದು ನಿಜ, ಸುಖದ ವಿಚಾರ ನಿನಗೊಬ್ಬಳಿಗೇ ಬರೆಯುತ್ತೇನೆ. ಫೋನು ಮಾಡಿದರೆ ನಿನ್ನ ಅಪ್ಪ ಸ್ಪೀಕರಿಗೆ ಹಾಕಿಕೊಂಡು ಅಂಗಳದಲ್ಲಿ ಕೂರುತ್ತಾರೆ, ಭಾನುವಾರದ ಹೊತ್ತಿಗೆ ನಮ್ಮೂರು ನೆಯಾಫುವಿನ ಚರ್ಚಿಗೆಲ್ಲ ಗೊತ್ತಾಗಿರುತ್ತದೆ. ನಮ್ಮ ಪಾದ್ರಿಯ ಹೆಂಡತಿ ಇವತ್ತು ಸಂಜೆಯ ವಿಮಾನಕ್ಕೆ ವಾಪಸು ಹೊರಟಿದ್ದಾಳೆ, ಕಾಗದ ಅವಳ ಕೈಲಿ ಕೊಡುತ್ತೇನೆ. ಚೆನ್ನಾಗಿ ಅಂಟು ಹಚ್ಚಿಯೇ ಕೊಡುತ್ತೇನೆ.

ನಾನು ಈಗ ಕೂತಿರುವುದು ಹೋಟೆಲಿನಲ್ಲಿ. ಹೌದು ಮಗಳೇ, ಹೋಟೆಲಿನಲ್ಲಿ! ನಿನ್ನ ಸೋದರಮಾವ ಸೆಮಿಸಿ, ನನ್ನ ಒಡಹುಟ್ಟಿದ ತಮ್ಮ, ತನ್ನ ಮಗಳ ಮದುವೆಗೆ ಬಂದ ಅಕ್ಕನನ್ನು ಇಲ್ಲಿ ಇಳಿಸಿ ಹೋಗಿದ್ದಾನೆ. ಮದುಮಗಳು ಏಲೆನಿಗೆ ಸೋದರತ್ತೆಗಿಂತ ದೊಡ್ಡವರು ಯಾರಿದ್ದಾರೆ? ನಾಳೆ ನಾನು ಎಲ್ಲರಿಗಿಂತ ಮುಂದೆ ಕೂರದಿದ್ದರೆ, ನಾನು ನೇಯ್ದು ತಂದ ಚಾಪೆಯ ಮೇಲೆ ಏಲೆನಿ ಕೂರದಿದ್ದರೆ, ಅದನ್ನು ಮದುವೆ ಎಂದು ನಮ್ಮವರು ಯಾರಾದರೂ ಒಪ್ಪುತ್ತಾರೆಯೇ? ಅಂಥವಳಿಗೆ ಮನೆಯಲ್ಲಿ ಜಾಗವಿಲ್ಲ.

ನಮ್ಮವರಲ್ಲಿ ಬೆಳೆದ ಅಕ್ಕ ತಮ್ಮ ಒಂದೇ ಸೂರಿನಡಿ ಮಲಗಬಾರದು ಎನ್ನುವುದನ್ನು ನನಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಆದರೆ ಹೊರಗೆ ಹೋಗಬೇಕಾದವನು ಯಾರು? ತಮ್ಮ! ನಾನು ದೊಡ್ಡವಳಾದ ದಿನವೇ ಇದೇ ಸೆಮಿಸಿ, ಅಂಗೈಯಗಲದ ಹುಡುಗ, ಯಾರೂ ಹೇಳದೆ ತನ್ನ ಹೊದಿಕೆ ಎತ್ತಿಕೊಂಡು ಚಿಕ್ಕಪ್ಪನ ಮನೆಗೆ ಮಲಗಲು ಹೋಗಿದ್ದ. ಈಗ ಸಿಡ್ನಿಯ ನೀರು ಕುಡಿದು ರೀತಿ ತಿರುಗುಮುರುಗಾಗಿದೆ. ತಾನು ಮನೆಯಲ್ಲಿ ಕಾಲು ಚಾಚಿ ಮಲಗುತ್ತಾನೆ, ಅಕ್ಕನನ್ನು ಆಚೆಗೆ ಕಳಿಸುತ್ತಾನೆ.

ವಿಮಾನ ನಿಲ್ದಾಣಕ್ಕೇನೋ ಬಂದಿದ್ದ. ಮಗಳ ಬೆನ್ನ ಹಿಂದೆ ತಲೆ ತಗ್ಗಿಸಿ ನಿಂತಿದ್ದ, ಅಕ್ಕನೆದುರು ತಮ್ಮ ನಿಲ್ಲಬೇಕಾದ್ದೇ ಹಾಗೆ, ಅದು ಸರಿಯೇ. ಕಾರಿನಲ್ಲಿ ಅರ್ಧ ದಾರಿ ಬಂದ ಮೇಲೆ ಏಲೆನಿ ಬಾಯಿ ಬಿಟ್ಟಳು: "ಅತ್ತೆ, ಅಪ್ಪ ನಿಮಗೆ ಹೋಟೆಲ್ ಬುಕ್ ಮಾಡಿದಾರೆ. ಕಿಟಕಿಯಿಂದ ಸಮುದ್ರ ಕಾಣತ್ತಂತೆ!" ನಾನು, "ಸಮುದ್ರ ನೋಡೋಕೆ ನಾನು ದ್ವೀಪ ಬಿಟ್ಟು ಇಲ್ಲೀತನಕ ಬರ್ಬೇಕಿತ್ತೇನೇ?" ಎಂದೆ. ಅವಳು ನಕ್ಕಳು. ಸೆಮಿಸಿ ನಗಲಿಲ್ಲ, ರಸ್ತೆಯನ್ನೇ ನೋಡುತ್ತಿದ್ದ.

ಸಮುದ್ರದ ಚಂದ ಕೇಳು. ಕಿಟಕಿಯಾಚೆ ಇರುವುದು ಇನ್ನೊಂದು ಹೋಟೆಲಿನ ಅಡುಗೆಮನೆಯ ಫ್ಯಾನು. ಕಿಟಕಿ ತೆಗೆಯಲು ಬರುವುದಿಲ್ಲ, ಆದರೂ ಹುರಿದ ಈರುಳ್ಳಿಯ ವಾಸನೆ ಎಲ್ಲಿಂದಲೋ ಒಳಗೆ ಬರುತ್ತದೆ. ಹಾಸಿಗೆ ಎಷ್ಟು ಮೆತ್ತಗಿದೆಯೆಂದರೆ ಕೂತವಳು ಏಳಲು ಗೋಡೆ ಹಿಡಿಯಬೇಕಾಯಿತು. ಎಸಿ ನಿಲ್ಲಿಸಿದರೆ ಉಸಿರು ಕಟ್ಟುತ್ತದೆ, ಹಾಕಿದರೆ ಹಲ್ಲು ಕಟಕಟ ಎನ್ನುತ್ತದೆ. ಒಂದು ಕಾರ್ಡು ಸಿಕ್ಕಿಸಿದರೆ ಮಾತ್ರ ದೀಪ. ಕಾರ್ಡು ಕಿತ್ತುಕೊಂಡು ಹೊರಟರೆ ಒಳಗೆಲ್ಲ ಕತ್ತಲೆ, ಚಪ್ಪಲಿ ಹುಡುಕುವುದು ಹೇಗೆ?

ನನ್ನ ಚಾಪೆಯ ಪಾಡು ಇನ್ನೂ ಚೆನ್ನಾಗಿದೆ. ಸುರುಳಿ ಲಿಫ್ಟಿನಲ್ಲಿ ಹಿಡಿಸಲಿಲ್ಲ. ಕೌಂಟರಿನಲ್ಲಿದ್ದವನು, "ಮೇಡಂ, ಕಾರ್ಪೆಟ್ ಎಲ್ಲಾ ಒಳಗೆ ತರೋ ಹಾಗಿಲ್ಲ, ಲಗೇಜ್ ರೂಮಲ್ಲಿ ಇಡಿ" ಎಂದ. ಕಾರ್ಪೆಟ್ ಅಂತೆ! ವರ್ಷವಿಡೀ ಕೇದಗೆಯ ಎಲೆಯನ್ನು ಸಮುದ್ರದಲ್ಲಿ ನೆನೆಸಿ, ಬಿಸಿಲಿಗೆ ಒಣಗಿಸಿ, ಕೂದಲಿನಷ್ಟು ಸಣ್ಣಗೆ ಸೀಳಿ, ನಾನೂ ನೀನೂ ಬೆನ್ನು ಮುರಿದುಕೊಂಡು ನೇಯ್ದಿದ್ದು. ನಾನು ಬಾಯಿ ತೆರೆಯುವ ಮೊದಲೇ ಸೆಮಿಸಿ ಸುರುಳಿಯನ್ನು ಹೆಗಲಿಗೇರಿಸಿ ಮೆಟ್ಟಿಲು ಹತ್ತಿಬಿಟ್ಟ. ಕೋಣೆಯ ಹೊಸಿಲಿನಾಚೆಗೇ ಇಟ್ಟು, ಏದುಸಿರು ಬಿಡುತ್ತ ಇಳಿದುಹೋದ. ನೀರು ಕುಡಿಯುತ್ತೀಯಾ ಎಂದು ಕೇಳಲೂ ಬಿಡಲಿಲ್ಲ.

ಗಾಳಿಯಾಡಲೆಂದು ನೆಲದ ಮೇಲೆ ಹಾಸಿದ್ದೆ. ಎಸಿ ರಿಪೇರಿಯವನು ಬಂದವನೇ ಬೂಟುಗಾಲಿನಲ್ಲಿ ಅದರ ಮೇಲೆ ನಡೆದ. ನಾನು ಕೂಗಿದ ಕೂಗಿಗೆ ಅವನ ಕೈಲಿದ್ದ ಸ್ಕ್ರೂಡ್ರೈವರ್ ಬಿತ್ತು. ಸಂಜೆ ಪ್ರಾರ್ಥನೆಗೆ ಎರಡು ಕೀರ್ತನೆ ಹಾಡಿದೆನೋ ಇಲ್ಲವೋ, ಕೆಳಗಿನಿಂದ ಫೋನು. ಪಕ್ಕದ ಕೋಣೆಯವರು ದೂರು ಕೊಟ್ಟಿದ್ದಾರಂತೆ. ಬೆಳಗಿನ ತಿಂಡಿಗೆ ತಣ್ಣನೆ ಬ್ರೆಡ್ಡು, ಅದನ್ನೂ ನಾವೇ ಸುಟ್ಟುಕೊಳ್ಳಬೇಕು. ಕೆಸುವಿನ ಗೆಡ್ಡೆ ಇದೆಯಾ ಎಂದರೆ ಆ ಹುಡುಗಿ ನನಗೇನೋ ಕಾಯಿಲೆ ಇದೆ ಎನ್ನುವಂತೆ ನೋಡಿದಳು.

ಈ ಮಾತು ಬರೆದಿಡುತ್ತೇನೆ ಲೆಸಿಯೇಲಿ: ನಾಳೆ ನಾನು ಕೂರುವುದಿಲ್ಲ. ಚಾಪೆ ಸುತ್ತಿಕೊಂಡು ಊರಿಗೆ ಬರುತ್ತೇನೆ. ಸೆಮಿಸಿಯ ಹೆಂಡತಿಯ, ಆ ಫೂಸಿಯ ಕಡೆಯ ನೆಂಟರೆಲ್ಲ ಆ ಮನೆಯಲ್ಲಿ ಹಾಯಾಗಿ ಇಳಿದುಕೊಂಡಿರುವಾಗ ನನ್ನ ಅಗತ್ಯ ಅವರಿಗೇನಿದೆ? ಗಂಡನ ಅಕ್ಕ ಬರುತ್ತಾಳೆಂದರೆ ಫೂಸಿಯ ಮುಖ ಹೇಗಾಗಿರಬಹುದು ಎಂದು ನಾನು ಊಹಿಸಬಲ್ಲೆ. ಹೆಂಡತಿಯ ಮಾತು ಕೇಳಿ ಅಕ್ಕನನ್ನು ಹೊರಗಿಟ್ಟ. ನನಗೆ ಬಹಳ ನೋವಾಗಿದೆ, ಅದನ್ನೇನು ಮುಚ್ಚಿಡುವುದು.

ಬಾಗಿಲು ತಟ್ಟುತ್ತಿದ್ದಾರೆ. ಏಲೆನಿ ಇರಬೇಕು. ಮದುಮಗಳು ಅಂತ ಬಿಡುವುದಿಲ್ಲ, ಇವತ್ತು ಚೆನ್ನಾಗಿ ಜಾಡಿಸುತ್ತೇನೆ.

ಮಧ್ಯಾಹ್ನ

ಮಗಳೇ, ಮೇಲೆ ಬರೆದದ್ದನ್ನು ಹರಿದುಹಾಕೋಣ ಎಂದುಕೊಂಡೆ. ಈ ಹೋಟೆಲಿನಲ್ಲಿ ಬೇರೆ ಕಾಗದ ಕೇಳಲು ಮತ್ತೆ ಆ ಕೌಂಟರಿನವನ ಮುಖ ನೋಡಬೇಕು. ಹಾಗೇ ಇರಲಿ.

ಏಲೆನಿಯನ್ನು ಜಾಡಿಸಿದೆ. ಹೊರಗೆ ಹೋಗಿ ಮಲಗಬೇಕಾದವನು ನಿನ್ನ ಅಪ್ಪನೋ ನಾನೋ ಎಂದು ಕೇಳಿದೆ. ಅವಳು ಹಾಸಿಗೆಯ ತುದಿಯಲ್ಲಿ ಕೂತು, ಅಳುತ್ತ, "ಅಪ್ಪ ಮನೇಲಿ ಇದ್ರೆ ತಾನೇ ಅತ್ತೆ, ಹೊರಗೆ ಹೋಗಿ ಮಲಗೋಕೆ?" ಎಂದಳು.

ಸೆಮಿಸಿ ಮತ್ತು ಫೂಸಿ ಬೇರೆಯಾಗಿ ಎರಡು ವರ್ಷವಾಯಿತಂತೆ. ಗೋದಾಮಿನಲ್ಲಿ ಬೆನ್ನು ಮುರಿದು ಕೆಲಸ ಹೋದ ಮೇಲೆ ಇವನು ಯಾರ ಜೊತೆಯೂ ಮಾತಾಡದೆ ಗೋಡೆ ನೋಡುತ್ತ ಕೂರುತ್ತಿದ್ದನಂತೆ, ಆಮೇಲೆ ಒಂದು ದಿನ ಎದ್ದು ಹೊರಟುಹೋದನಂತೆ. ಇಲ್ಲಿನ ಚರ್ಚಿನ ಹಿಂದೆ ಕುರ್ಚಿಗಳನ್ನು ಪೇರಿಸಿಡುವ ಕೋಣೆಯಲ್ಲಿದ್ದಾನೆ. ಅಲ್ಲಿಗೆ ಅಕ್ಕನನ್ನು ಕರೆದೊಯ್ಯುವುದು ಹೇಗೆ? ಫೂಸಿ ನನಗೆಂದು ಕೋಣೆ ತೆರವು ಮಾಡಿ, ಹೊಸ ಹೊದಿಕೆ ಹಾಸಿ ಕಾಯುತ್ತಿದ್ದಳಂತೆ. ಬೇಡ ಎಂದವನು ಇವನೇ. ಆ ಮನೆಗೆ ಹೋದರೆ ನನಗೆ ಎಲ್ಲ ತಿಳಿದುಹೋಗುತ್ತದಲ್ಲ. ಆ ಮುರಿದ ಬೆನ್ನಿನ ಮೇಲೆಯೇ ನಿನ್ನೆ ನನ್ನ ಚಾಪೆ ಹೊತ್ತು ಮಹಡಿ ಹತ್ತಿದ್ದು. ನಾನು ಗುರುತಿಸಲಿಲ್ಲ. ಈರುಳ್ಳಿಯ ವಾಸನೆ ಗೊತ್ತಾಯಿತು, ಇದು ಗೊತ್ತಾಗಲಿಲ್ಲ.

ಕೆಳಗಿಳಿದು ಹೋದೆ. ಮಗಳನ್ನು ಕರೆತಂದ ಸೆಮಿಸಿ ಬಾಗಿಲ ಬಳಿಯ ಸೋಫಾದಲ್ಲಿ ಕೂತಿದ್ದ. ನಾನು ಎದುರಿನ ಕುರ್ಚಿಯಲ್ಲಿ ಕೂತೆ, ಏಲೆನಿಯನ್ನು ನಡುವೆ ಕೂರಿಸಿಕೊಂಡೆ. ಇಂಥ ಮಾತು ಅಕ್ಕ ತಮ್ಮ ನೇರ ಆಡುವುದೆಲ್ಲಿ? "ನಿನ್ನ ಅಪ್ಪನಿಗೆ ಹೇಳು, ಎರಡು ವರ್ಷ ಎಲ್ಲಾ ಚೆನ್ನಾಗಿದೀವಿ ಅಂತ ಫೋನಲ್ಲಿ ಸುಳ್ಳು ಹೇಳಿದಾನಲ್ಲ, ನಾಚಿಕೆ ಆಗ್ಲಿಲ್ವಾ ಅಂತ ಕೇಳು" ಎಂದೆ. ಏಲೆನಿ, "ಎದುರಿಗೇ ಇದಾರಲ್ಲ ಅತ್ತೆ, ಕೇಳಿಸ್ತಿದೆ" ಎಂದಳು. ಅವನು ನೆಲ ನೋಡುತ್ತಲೇ, "ಅತ್ತೆಗೆ ಹೇಳಮ್ಮ, ನಾಚಿಕೆ ಆಗಿದ್ದಕ್ಕೇ ಹೇಳ್ಲಿಲ್ಲ. ಮದುವೆ ಆಗೋ ತನಕ ಅಕ್ಕ ನಗ್‌ನಗ್ತಾ ಇರ್ಲಿ ಅಂದ್ಕೊಂಡೆ. ಅಷ್ಟು ದೊಡ್ಡ ಚಾಪೆ ತಂದಿದಾರೆ" ಎಂದ. ಆಮೇಲೆ, "ರೂಮು ಚೆನ್ನಾಗಿದೆಯಾ ಕೇಳು" ಎಂದ.

ನಾನೇನು ಹೇಳಲಿ ಲೆಸಿಯೇಲಿ? "ಬಹಳ ಚೆನ್ನಾಗಿದೆ, ಸಮುದ್ರ ಕಾಣತ್ತೆ ಅಂತ ಹೇಳು" ಎಂದೆ. ಏಲೆನಿ ಮುಖ ಮುಚ್ಚಿಕೊಂಡಳು.

ಇನ್ನೊಂದು ಗಂಟೆಯಲ್ಲಿ ಈ ಕೋಣೆ ಬಿಡುತ್ತೇನೆ. ಫೂಸಿ ಕರೆದೊಯ್ಯಲು ಬರುತ್ತಿದ್ದಾಳೆ. ತಮ್ಮ ಆ ಮನೆಯಲ್ಲಿಲ್ಲ, ಹಾಗಾಗಿ ನಾನು ಅಲ್ಲಿ ಮಲಗಲು ಯಾವ ಅಡ್ಡಿಯೂ ಇಲ್ಲ. ಇಂಥ ಅನುಕೂಲ ಯಾರಿಗೂ ಬೇಡ. ನಾಳೆ ನಾನು ಕೂರುತ್ತೇನೆ, ಎಲ್ಲರಿಗಿಂತ ಮುಂದೆ, ಬೆನ್ನು ನೆಟ್ಟಗೆ ಮಾಡಿಕೊಂಡು ಕೂರುತ್ತೇನೆ. ಸೆಮಿಸಿಯ ಬಗ್ಗೆ ಯಾವನಾದರೂ ಪಿಸುಗುಟ್ಟಲಿ, ನೋಡಿಕೊಳ್ಳುತ್ತೇನೆ.

ಅಪ್ಪನಿಗೆ ಹೊತ್ತಿಗೆ ಸರಿಯಾಗಿ ಮಾತ್ರೆ ಕೊಡು. ಹಂದಿಮರಿಗಳನ್ನು ಕೇದಗೆ ಗಿಡದ ಕಡೆ ಬಿಡಬೇಡ.

ನಿನ್ನ ಅಮ್ಮ,
ಪಿಸಿಲಾ

ತಾ.ಕ.: ಹಿತ್ತಲ ಗುಡಿಸಲಿನಲ್ಲಿರುವ ಬಲೆ, ತೆಂಗಿನಕಾಯಿ ಎಲ್ಲ ಆಚೆ ಹಾಕಿಸಿ ಗುಡಿಸಿಡು. ನೆಲಕ್ಕೆ ದಪ್ಪನೆಯ ಚಾಪೆ ಎರಡು ಹಾಸು, ಬೆನ್ನು ನೋವಿನವರಿಗೆ ಒಂದು ಸಾಲದು. ಮಂಗಳವಾರ ನಿನ್ನ ಮಾವ ನನ್ನ ಜೊತೆ ಬರುತ್ತಿದ್ದಾನೆ. ಅವನಿಗೆ ನಾನಿನ್ನೂ ಹೇಳಿಲ್ಲ. ಅಕ್ಕ ಹೇಳಿದ ಮೇಲೆ ಇಲ್ಲ ಎನ್ನಲು ಅವನಿಗೆ ಬರುವುದಿಲ್ಲ.